ವರ್ಷಕ್ಕೆ ಎರಡೇ ಸಲ
ಸಿಗಾರ್ ಅಂದ್ರೆ ಸಾಹುಕಾರರ ಶೋಕಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ನಾವು ನಾಲ್ವರು ಹಳೇ ಗೆಳೆಯರು ವರ್ಷಕ್ಕೆರಡು ಸಲ ತಾರಸಿ ಮೇಲೆ ಸೇರಿ ಸಿಗಾರ್ ಸೇದುತ್ತೇವೆ. ಸಿಗಾರಿಗೆ ಹೆಸರಾದ ಕ್ಯೂಬಾದ್ದೇ ಬೇಕೆಂದಿಲ್ಲ, ತಮಿಳುನಾಡಿನ ಚುಟ್ಟಾ ಆದರೂ ಸೈ. ಚುಟ್ಟಾಕ್ಕೆ ಇಂಗ್ಲಿಷಿನಲ್ಲಿರುವ ‘ಚೆರೂಟ್’ ಎಂಬ ಹೆಸರು ಹುಟ್ಟಿದ್ದೇ ತಮಿಳಿನ ‘ಸುರುಟ್ಟು’ವಿನಿಂದ, ಅಲ್ವಾ?

ಒಳ್ಳೆ ಸಿಗಾರ್ ಮುಗಿಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಹೊಗೆ ಎದೆಗೆ ಎಳೆಯಬಾರದು, ಬಾಯಲ್ಲೇ ರುಚಿ ನೋಡಿ ಬಿಡಬೇಕು. ಆತುರಪಟ್ಟರೆ ಬಿಸಿಯಾಗಿ ಕಹಿ ಹೊಡೆಯುತ್ತದೆ. ಮೊದಲ ಸಲ ನಾನು ಸಿಗರೇಟಿನ ಹಾಗೆ ಎಳೆದು, ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದ್ದೆ! ಗೆಳೆಯರು ಅದನ್ನು ಇಂದಿಗೂ ಆಡಿಕೊಳ್ಳುತ್ತಾರೆ.

ಹೊಗೆ ನುಂಗದಿದ್ದರೂ ಬಾಯಿ ಕ್ಯಾನ್ಸರ್‌ನ ಅಪಾಯ ಇದೆ, ಗೊತ್ತು. ಅದಕ್ಕೇ ಎರಡೇ ಸಲ. ಆ ಒಂದು ಗಂಟೆ ಮಾತ್ರ ಯಾರೂ ಮೊಬೈಲ್ ಮುಟ್ಟುವುದಿಲ್ಲ.