ಡಬಲ್ಲೂ ಅರ್ಧನೂ ಕೂಡೇ ಕಲಿಸ್ರಿ

ನಾವು ಮಹಾರಾಷ್ಟ್ರದ ಅಕ್ಕಲಕೋಟ ಕಡೆದವ್ರು, ಮನ್ಯಾಗ ಕನ್ನಡ, ಬಜಾರದಾಗ ಮರಾಠಿ, ಹಿಂಗಾಗಿ ನಮ್ಮ ಹುಡುಗ್ರ ಕಿವಿಗೆ ಲೆಕ್ಕನೂ ಎರಡು ನಮೂನಿ ಬೀಳ್ತದ. ಇಲ್ಲಿ ಹಳೇ ಮಂದಿ ಮರಾಠಿ ಸಾಲ್ಯಾಗ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಅಂತ ಕಾಲು, ಅರ್ಧ, ಒಂದೂಕಾಲು, ಒಂದೂವರೆ ಮಗ್ಗಿ ಬಾಯಿಪಾಠ ಮಾಡಿದವ್ರು, ಅಡತಿ ಅಂಗಡ್ಯಾಗ ಕುಂತ ಅಜ್ಜಾರಿಗೆ ಹದಿನೇಳರ ಅರ್ಧ ಎಷ್ಟ್ರೀ ಅಂದ್ರ ಕಣ್ಣು ಮುಚ್ಚಿ ತಗಿಯೋದ್ರಾಗ ಸಾಡೇಆಠ, ಅಂದ್ರ ಎಂಟೂವರೆ ಅಂತಾರ. ಭಾಳ ದೊಡ್ಡ ವಿದ್ಯಾ ಅದು. ಆದ್ರ ಆರೇಳು ವರ್ಷದ ಕೂಸಿಗೆ ಅಲ್ಲಿಂದ ಶುರು ಮಾಡಬಾರದು.

ಗಡಿ ದಾಟಿ ಇಂಡಿ ಕಡೆ ಹೋದ್ರ ಸರ್ಕಾರಿ ಸಾಲ್ಯಾಗ ಒಂದರಿಂದ ಮೂರನೇತ್ತೆ ತನಕ ನಲಿ-ಕಲಿ, ಕಾರ್ಡು ಹಿಡಕೊಂಡು ಗುಂಪಿನ್ಯಾಗ ಕುಂತು ಕಲೀತಾವ. ನನಗ ಇದೇ ಛಲೋ ಅನಸ್ತದ. ಹುಣಸಿ ಬೀಜ ಆರು ಒಂದ್ ಸಾಲು, ಅದರ ಕೆಳಗ ಮತ್ತ ಆರು ಇಟ್ರ ಹನ್ನೆರಡು, ಕೆಳಗಿನ ಸಾಲು ತಗದ್ರ ಹನ್ನೆರಡರ ಅರ್ಧ ಆರು, ಒಂದೇ ಬೀಜದಾಗ ಎರಡೂ ಪಾಠ ಆಗ್ತಾವ. ಡಬಲ್ ಈ ವರ್ಷ, ಅರ್ಧ ಬರೋ ವರ್ಷ ಅಂತ ಬ್ಯಾರೆ ಬ್ಯಾರೆ ಕಲಿಸಿದ್ರ ಆ ನಂಟು ಕೂಸಿಗೆ ಕಾಣಂಗೇ ಇಲ್ಲ.

ಇನ್ನ ಎರಡಂಕಿಗೆ ಬಂದ್ರ ಕನ್ನಡದ ಹುಡುಗ್ರಿಗೆ ಒಂದು ಅನುಕೂಲ ಅದ. ನಲವತ್ತೆಂಟು ಅಂದಾಗ್ಲೇ ನಲವತ್ತು ಬ್ಯಾರೆ, ಎಂಟು ಬ್ಯಾರೆ ಆಗಿ ನಿಂತಾವ, ಅರ್ಧ ಮಾಡಿದ್ರ ಇಪ್ಪತ್ತು, ನಾಕು, ಇಪ್ಪತ್ನಾಕು, ಮುಗೀತು. ಮರಾಠಿ ಅಠ್ಠೇಚಾಳೀಸದಾಗ ಎಂಟು ಮದ್ಲ ಬರ್ತದ, ಹತ್ತು ಆಮ್ಯಾಲೆ. 2019ರಾಗ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವ್ರು ಎರಡನೇತ್ತೆ ಗಣಿತ ಪುಸ್ತಕದಾಗ 21ಕ್ಕ ಏಕವೀಸ್ (ಒಂದು-ಇಪ್ಪತ್ತು) ಬದಲಿ ವೀಸ್ ಏಕ್ (ಇಪ್ಪತ್ತು-ಒಂದು) ಅಂತ ಓದೋ ರೀತಿ ತಂದಾಗ ಮಹಾರಾಷ್ಟ್ರದಾಗ ಎಷ್ಟು ಗದ್ದಲ ಆತು, ಗಣಿತಜ್ಞೆ ಮಂಗಲಾ ನಾರಳೀಕರ ಅವ್ರು ಅದರ ಪರವಾಗಿ ಗಟ್ಟಿಯಾಗಿ ನಿಂತ್ರು. ಅವ್ರು ಹೇಳಿದ್ದು ಖರೇನೇ ಇತ್ತು ಅಂತೀನಿ ನಾನು.

ಕೂಸು ತಡವರಿಸೋದು 54ರಂಥಾ ಕಡೆ, ಯಾಕಂದ್ರ ಐವತ್ತರಾಗ ಐದು ಹತ್ತು, ಸಮ ಪಾಲು ಆಗಂಗಿಲ್ಲ. ಅಲ್ಲಿ ಮಾಸ್ತರು ಬೈಯ್ಯೋದು ಬ್ಯಾಡ, 40 ಮತ್ತ 14 ಅಂತ ಒಡೀರಿ ಅಂದ್ರ ಸಾಕು, 20 ಮತ್ತ 7 ಕೂಡಿ 27. ಬೆಸ ಸಂಖ್ಯಾಕ್ಕ ಅರ್ಧ ಇಲ್ಲ ಅಂತ ಕೆಲವ್ರು ಹೇಳಿಕೊಡ್ತಾರ, ಅದು ಮಾತ್ರ ಬ್ಯಾಡ್ರಿ. ಏಳು ರೊಟ್ಟಿ ಇಬ್ರಿಗೆ ಹಂಚು ಅಂತ ಕೊಟ್ಟು ನೋಡ್ರಿ, ಮೂರು ಮೂರು ಇಟ್ಟು ಕಡೀ ರೊಟ್ಟಿ ಕಟಕ್ಕನ ಮುರದು ಇಡ್ತದ, ಯಾರೂ ಹೇಳಿಕೊಡಬೇಕಾಗಿಲ್ಲ.

ವಾರದ ಸಂತಿಗೆ ಹೋದಾಗ ತೂಕ ಮಾಡೋದು ತೋರಸ್ರಿ, ಒಂದ್ ಕಿಲೋ, ಅರ್ಧಾ ಕಿಲೋ, ಪಾವ್ ಕಿಲೋ, ಅರ್ಧ ಪಾವ್, ಅಂದ್ರ 1000, 500, 250, 125 ಗ್ರಾಂ, ಬರೇ ಅರ್ಧ ಮಾಡಕೋತ ಇಳದದ್ದು. ಹಿಂಗ ಕೈ ಕುಂತ್ ಮ್ಯಾಲೆ ನಾಕರಿಂದ ಗುಣಿಸೋದಂದ್ರ ಡಬಲ್ಲಿನ ಡಬಲ್ಲು, ಐದರಿಂದ ಗುಣಿಸೋದಂದ್ರ ಹತ್ತರಿಂದ ಗುಣಿಸಿ ಅರ್ಧ, ಹದಿನಾರು ಇಪ್ಪತ್ತೈದ್ಲೆ ಅಂದ್ರ ಎಂಟು ಐವತ್ಲೆ, ನಾಕು ನೂರ್ಲೆ, ನಾಕುನೂರು. ನಿಮಕಿ, ದೀಡಕಿ ಆವಾಗ ಬಾಯಿಪಾಠ ಮಾಡಸ್ರಿ, ಖುಷಿಲೇ ಮಾಡ್ತಾವ.