ಯುಕೆಜಿಯ ಕೆಂಪು ಸುತ್ತು

ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗಳ ಶಿಸ್ತನ್ನು ಮೆಚ್ಚಲೇಬೇಕು. ಐದು ವರ್ಷದ ಮಗು ನಾಲ್ಕು ಗೆರೆ ಪುಸ್ತಕದಲ್ಲಿ ‘ಐ ಲೈಕ್ ಮ್ಯಾಂಗೊ’ ಅಂತ ಇಂಗ್ಲಿಷಿನಲ್ಲಿ ಬರೆದರೆ, ‘ಐ’ ಚಿಕ್ಕದಾಯಿತು ಅಂತ ಒಂದು ಕೆಂಪು ಸುತ್ತು. ‘ಮ್ಯಾಂಗೊ’ದ ಎಮ್ ದೊಡ್ಡದಾಯಿತು ಅಂತ ಇನ್ನೊಂದು. ಕೊನೆಗೆ ಫುಲ್‌ಸ್ಟಾಪ್ ಇಲ್ಲ, ಅದಕ್ಕೊಂದು. ಮೂರೇ ಪದದ ವಾಕ್ಯಕ್ಕೆ ಮೂರು ಸುತ್ತು. ಸಂಜೆ ಡೈರಿಯಲ್ಲಿ ಬರಹ: ಮಗುವಿಗೆ ಕ್ಯಾಪಿಟಲ್ ಲೆಟರ್ ಬರುತ್ತಿಲ್ಲ, ಪೋಷಕರು ಗಮನ ಕೊಡಿ.

ಪೋಷಕರು ಗಮನ ಕೊಡದೆ ಇರುತ್ತಾರಾ? ವಾಟ್ಸ್ಆ್ಯಪ್ ಗ್ರೂಪ್ ರಾತ್ರಿ ಹನ್ನೊಂದರವರೆಗೆ ಎದ್ದು ಕೂತಿರುತ್ತದೆ. ‘ನಿಮ್ಮವನಿಗೆ ಬರುತ್ತಾ?’ ‘ನಮ್ಮವಳಿಗೆ ವಾರದ ಹೆಸರಿಗೆ ಬರುತ್ತೆ, ತಿಂಗಳಿಗೆ ಇನ್ನೂ ಡೌಟು.’ ಪಕ್ಕದ ರಸ್ತೆಯಲ್ಲಿ ಯಾರೋ ಟ್ಯೂಷನ್ ಹೇಳಿಕೊಡುತ್ತಾರಂತೆ ಅನ್ನೋ ಸುದ್ದಿಯೂ ಬರುತ್ತದೆ. ಯುಕೆಜಿಗೆ ಟ್ಯೂಷನ್! ಹಾಲುಹಲ್ಲು ಬೀಳುವ ಮೊದಲೇ ಮಗು ಗ್ರಾಮರ್‌ನಲ್ಲಿ ವೀಕ್.

ಆ ವಾಕ್ಯವನ್ನೇ ಇನ್ನೊಮ್ಮೆ ನೋಡಿ. ಈ ಮಗು ಜರ್ಮನಿಯಲ್ಲಿ ಹುಟ್ಟಿ ಇದನ್ನೇ ಅಲ್ಲಿನ ಭಾಷೆಯಲ್ಲಿ ಬರೆದಿದ್ದರೆ, ಮಾವಿನಹಣ್ಣಿಗೆ ದೊಡ್ಡಕ್ಷರ ಇರಲೇಬೇಕಿತ್ತು. ಅಲ್ಲಿ ಮೇಜು, ಕುರ್ಚಿ, ಹಣ್ಣು ಎಲ್ಲ ನಾಮಪದಕ್ಕೂ ದೊಡ್ಡಕ್ಷರವೇ. ‘ನಾನು’ ಮಾತ್ರ ವಾಕ್ಯದ ನಡುವೆ ಬಂದರೆ ಚಿಕ್ಕದು. ಅಂದರೆ ಮಗುವಿನ ಎಮ್ಮಿನ ತಪ್ಪು ತಪ್ಪಲ್ಲ, ದೇಶ ತಪ್ಪಿದೆ ಅಷ್ಟೇ. ಮಗುವಿನ ಲೆಕ್ಕಾಚಾರವೂ ಸರಿಯಾಗೇ ಇದೆ. ಇಷ್ಟವಾದದ್ದು ಮಾವು, ಹಾಗಾಗಿ ಮಾವು ದೊಡ್ಡದು. ಇದಕ್ಕಿಂತ ನ್ಯಾಯವಾದ ವ್ಯಾಕರಣ ಯಾವುದಿದೆ?

ಇಂಗ್ಲಿಷಿನವರ ನ್ಯಾಯವೇ ಬೇರೆ. ಸೋಮವಾರಕ್ಕೆ ದೊಡ್ಡಕ್ಷರ, ಆದರೆ ಆಕಾಶದ ಚಂದ್ರನಿಗೆ ಚಿಕ್ಕದು. ಜೂನ್ ತಿಂಗಳಿಗೆ ದೊಡ್ಡದು, ಜೂನ್‌ನಲ್ಲಿ ಬರುವ ಮಳೆಗಾಲಕ್ಕೆ ಚಿಕ್ಕದು. ‘ನನ್ನ ಅಮ್ಮ’ ಅಂದರೆ ಅಮ್ಮ ಚಿಕ್ಕದು. ಅಮ್ಮನನ್ನೇ ಕರೆಯುವ ಹೊತ್ತಿಗೆ ದೊಡ್ಡದು. ಯಾಕೆ ಮಿಸ್ ಅಂತ ಕೇಳಿದರೆ ‘ರೂಲ್’ ಅನ್ನುತ್ತಾರೆ. ಪಾಪ, ಮಿಸ್‌ಗೂ ಅವರ ಮಿಸ್ ಹಾಗೇ ಹೇಳಿದ್ದು. ಒಂದು ಕ್ಲಾಸಿನ ತುಂಬಾ ಮಕ್ಕಳಿಟ್ಟುಕೊಂಡು ಕೈಗೆ ಬರುವ ಸಂಬಳದಲ್ಲಿ ಅವರು ಇನ್ನೇನು ಹೇಳಬೇಕು?

ತಮಾಷೆ ಅಂದರೆ, ಮಗುವಿಗೆ ಡೈರಿ ಬರೆದ ಇಂಥ ಶಾಲೆಗಳಿಂದಲೇ ಪೋಷಕರಿಗೊಂದು ಸರ್ಕ್ಯುಲರ್ ಬರುತ್ತದೆ. ಎರಡನೇ ಕಂತಿನ ಫೀಸು ಕಟ್ಟಿ ಅಂತ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೂ ದೊಡ್ಡಕ್ಷರ! ಪ್ರಿಯ ಪೋಷಕರೂ ದೊಡ್ಡದು, ಫೀಸೂ ದೊಡ್ಡದು. ಕಿವಿಯಲ್ಲಿ ಕೂಗಿದ ಹಾಗೆ. ಇದಕ್ಕೆ ಯಾರು ಕೆಂಪು ಸುತ್ತು ಹಾಕಬೇಕು?

ಮಗು ನೋಡುವ ಇಂಗ್ಲಿಷಾದರೂ ಎಂಥದ್ದು ಹೇಳಿ. ಗಾಡಿಯ ನಂಬರ್ ಪ್ಲೇಟ್ ಪೂರ್ತಿ ದೊಡ್ಡಕ್ಷರ. ಬೇಕರಿ ಬೋರ್ಡು, ಮೆಡಿಕಲ್ ಶಾಪು, ಬಹುಪಾಲು ದೊಡ್ಡಕ್ಷರ. ಮುಂದೆ ಮಗು ದೊಡ್ಡದಾಗಿ ಪಾನ್ ಕಾರ್ಡಿಗೆ ಅರ್ಜಿ ಹಾಕಿದರೆ, ಬ್ಲಾಕ್ ಲೆಟರ್‌ನಲ್ಲೇ ತುಂಬಿ ಅನ್ನುತ್ತಾರೆ. ಬ್ಯಾಂಕಿನ ಫಾರಂ ಅದೇ. ಅಂದರೆ ಎಲ್ಲಿ ದೊಡ್ಡದು ಎಲ್ಲಿ ಚಿಕ್ಕದು ಅಂತ ಬಾಲ್ಯವಿಡೀ ಅತ್ತು ಕಲಿತದ್ದನ್ನು, ಹೆಸರು ವಿಳಾಸ ಬರೆಯುವ ದಿನ ಮರೆತುಬಿಡಬೇಕು.

ಬ್ಯಾಂಕ್ ಅಂದ ಮೇಲೆ ಐಎಫ್ಎಸ್ಸಿ ಕೋಡ್ ನೆನಪಾಯಿತು. ಹನ್ನೊಂದು ಅಕ್ಷರ-ಅಂಕಿಗಳ ಈ ಕೋಡಿನಲ್ಲಿ ಐದನೆಯದು ಯಾವಾಗಲೂ ಸೊನ್ನೆ. ನೋಡಲು ಮಾತ್ರ ಥೇಟ್ ‘ಓ’ ಅಕ್ಷರವೇ. ಎಂಜಿನಿಯರ್, ಡಾಕ್ಟರ್, ಹೆಡ್‌ಮಾಸ್ಟರ್, ಎಲ್ಲರೂ ಅಲ್ಲಿ ‘ಓ’ ಒತ್ತಿ ಸೋಲುತ್ತಾರೆ. ಅವರಿಗೆ ಯಾರೂ ಡೈರಿ ಬರೆಯುವುದಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಸುಮ್ನೆ. ಹೊಟ್ಟೆಕಿಚ್ಚಿಗೆ.

ಕನ್ನಡದಲ್ಲಿ ಈ ತಾಪತ್ರಯವೇ ಇಲ್ಲ. ಹಲ್ಮಿಡಿ ಶಾಸನ ಕೆತ್ತಿದವನು ರಾಜನ ಹೆಸರಿಗೊಂದು ದೊಡ್ಡಕ್ಷರ, ಊರಿನ ಹೆಸರಿಗೊಂದು ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟೇ ಯಾಕೆ, ಹಳೇ ರೋಮಿನ ಕಲ್ಲುಶಾಸನಗಳಲ್ಲೂ ದೊಡ್ಡಕ್ಷರ ಬಿಟ್ಟರೆ ಬೇರೆ ಇಲ್ಲ. ನಾವು ಇವತ್ತು ಓದುವ ಚಿಕ್ಕಕ್ಷರದ ರೂಪ ಯುರೋಪಿನಲ್ಲಿ ನೆಲೆಯಾಗಿದ್ದು ಎಂಟು, ಒಂಬತ್ತನೇ ಶತಮಾನದ ಹೊತ್ತಿಗೆ. ನಮಗೆ ದೊಡ್ಡದು ಚಿಕ್ಕದು ಗಂಟು ಬಿದ್ದದ್ದು ಕಂಪ್ಯೂಟರ್ ಬಂದ ಮೇಲೆ. ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಬರೆಯುವವರಿಗೆ ಗೊತ್ತು, ದೊಡ್ಡ ‘ಎಲ್’ ಒತ್ತಿದರೆ ‘ಳ’, ಚಿಕ್ಕದು ಒತ್ತಿದರೆ ‘ಲ’. ಶಿಫ್ಟ್ ಮರೆತರೆ ಬೆಳೆ ಹೋಗಿ ಬೆಲೆ ಆಗುತ್ತದೆ. ಅಲ್ಲಾದರೂ ದೊಡ್ಡಕ್ಷರಕ್ಕೊಂದು ಕೆಲಸ ಇದೆ.

ನಗು ಸಾಕು. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ ಕಲಿಕೆ ಅನ್ನುತ್ತದೆ. ಈ ವಯಸ್ಸಿಗೆ ಟೆಸ್ಟು, ಪರೀಕ್ಷೆ ಸಲ್ಲದು ಅನ್ನುತ್ತದೆ. ಮನೆಮಾತು ಮೊದಲು ಅನ್ನುತ್ತದೆ. ನಾವು ಮಾಡಿದ್ದೇನು? ಮನೆಯಲ್ಲಿ ಕನ್ನಡ, ತುಳು, ಉರ್ದು ಆಡುವ ಮಗುವಿನ ಕೈಯಲ್ಲಿ, ಇನ್ನೂ ಸರಿಯಾಗಿ ಮಾತಾಡಲು ಬಾರದ ಭಾಷೆಯನ್ನು ಬರೆಸಿ, ಅದರ ಅಕ್ಷರದ ಎತ್ತರಕ್ಕೆ ಮಾರ್ಕ್ಸು ಕಳೆಯುತ್ತಿದ್ದೇವೆ. ಪೆನ್ಸಿಲ್ ಹಿಡಿಯುವ ಬೆರಳೇ ಇನ್ನೂ ಗಟ್ಟಿಯಾಗಿಲ್ಲ ಕಣ್ರೀ. ದೊಡ್ಡಕ್ಷರ ಕಲಿಯಬಾರದು ಅಂತ ಯಾರೂ ಹೇಳುತ್ತಿಲ್ಲ. ಓದುತ್ತಾ ಹೋದರೆ ಎರಡು ಮೂರು ವರ್ಷದಲ್ಲಿ ತಾನಾಗೇ ಬರುತ್ತದೆ. ಆದರೆ ಮಾತು, ಕಥೆ, ಯೋಚನೆ ಇವಕ್ಕೆ ಕೆಂಪು ಸುತ್ತು ಹಾಕಲು ಬರುವುದಿಲ್ಲ. ಅಕ್ಷರಕ್ಕೆ ಹಾಕಬಹುದು. ಒಂದೇ ನಿಮಿಷದ ಕೆಲಸ. ಪೋಷಕರಿಗೂ ಶಾಲೆ ಏನೋ ಕಲಿಸುತ್ತಿದೆ ಅಂತ ಕಾಣುತ್ತದೆ.

ಆ ಮಗು ಒಂದು ಸಂಗತಿ ಹೇಳಿತ್ತು, ತನಗೆ ಮಾವಿನಹಣ್ಣು ಇಷ್ಟ ಅಂತ. ಕ್ಲಾಸಿನಲ್ಲಿ ಯಾರೂ ಅದನ್ನು ಓದಲಿಲ್ಲ. ಯಾವ ಹಣ್ಣು, ರಸಪೂರಿಯಾ, ಬಾದಾಮಿಯಾ, ತೋತಾಪುರಿಯಾ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ವಾಕ್ಯ ಬರುತ್ತಿತ್ತು. ಅದರಲ್ಲೂ ತಪ್ಪಿರುತ್ತಿತ್ತು. ಇರಲಿ ಬಿಡಿ.

ಮುಂದಿನ ತಿಂಗಳಿಂದ ಕರ್ಸಿವ್ ಶುರುವಂತೆ. ಅದಕ್ಕೆ ಬೇರೆ ಪುಸ್ತಕ, ಶಾಲೆಯಲ್ಲೇ ಕೊಳ್ಳಬೇಕು.