ಪರ-ವಿರೋಧ: ಪಾರಂಪರಿಕ ಶಾಲಾ ಕಟ್ಟಡಕ್ಕೆ ಹೊಸ ರೂಪ ಕೊಡಬೇಕೇ?

ಪರ: ಮಕ್ಕಳು ಕಮಾನು ನೋಡೋಕೆ ಬರುತ್ತಿಲ್ಲ

ನಾನು ಹನ್ನೊಂದು ವರ್ಷ ಪಾಠ ಮಾಡಿದ್ದು ಅರಸರ ಕಾಲದ ಒಂದು ಶಾಲೆಯಲ್ಲಿ. ಹೊರಗಿನಿಂದ ಫೋಟೋ ತೆಗೆದರೆ ಅರಮನೆಯೇ. ಕಮಾನು, ಕಂಬ, ತೇಗದ ಬಾಗಿಲು, ಯಾವುದಕ್ಕೂ ಕಮ್ಮಿ ಇರಲಿಲ್ಲ. ಒಳಗೆ ಐದು ಬಕೆಟ್ ಇದ್ದವು. ಮಳೆಗಾಲದಲ್ಲಿ ಬೆಲ್ ಹೊಡೆಯುವ ಮೊದಲೇ ಅಟೆಂಡರ್ ಅವನ್ನು ಸೋರುವ ಜಾಗಕ್ಕೆ ಸರಿಯಾಗಿ ಇಡುತ್ತಿದ್ದ. ಯಾವ ಬಕೆಟ್ ಎಲ್ಲಿಗೆ ಅಂತ ಅವನಿಗೆ ಬಾಯಿಪಾಠ.

ಶೌಚಾಲಯ ಮೈದಾನದ ಆಚೆ ತುದಿಯಲ್ಲಿತ್ತು. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗಿಯರು ತಿಂಗಳಲ್ಲಿ ಮೂರು ದಿನ ಯಾಕೆ ಬರುತ್ತಿಲ್ಲ ಅಂತ ಹಾಜರಿ ಪುಸ್ತಕ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಕಟ್ಟಡದೊಳಗೆ ಎರಡು ಶೌಚಾಲಯ ಕಟ್ಟಿಕೊಡಿ ಎಂದರೆ, ಪಾರಂಪರಿಕ ಗೋಡೆ, ಕೊರೆಯುವಂತಿಲ್ಲ ಎಂದರು.

ನಮ್ಮಲ್ಲಿ ಕಾಲಿಗೆ ಬಲವಿಲ್ಲದ ಹುಡುಗನೊಬ್ಬನಿದ್ದ. ಮುಂಬಾಗಿಲಿಗೆ ಏಳು ಕಲ್ಲು ಮೆಟ್ಟಿಲು. ದಿನಾ ಅವನ ಅಪ್ಪ ಸೈಕಲ್ ನಿಲ್ಲಿಸಿ, ಮಗನನ್ನು ಎತ್ತಿ ಒಳಗೆ ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮತ್ತೆ ಬಂದು ಇಳಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಅಂಗಳಕ್ಕೆ ಓಡಿದರೆ ಇವನು ಬೆಂಚಿನಲ್ಲೇ. ನಾನು ಒಂದು ರ‍್ಯಾಂಪ್ ಕೇಳಿದೆ. ಮುಂಭಾಗದ ಅಂದ ಕೆಡುತ್ತದೆ ಅಂತ ಉತ್ತರ ಬಂತು. ಕೊನೆಗೆ ನಾವೇ ಎರಡು ಹಲಗೆ ಜೋಡಿಸಿ ಪಕ್ಕದ ಬಾಗಿಲಿಗೆ ಇಟ್ಟೆವು. ಮೊದಲ ದಿನ ಅವನು ನಾಲ್ಕು ಸಲ ಹತ್ತಿ ಇಳಿದ, ಸುಮ್ನೆ! ಐದನೇ ಸಲಕ್ಕೆ ನಾನೇ ಗದರಿಸಿ ಒಳಗೆ ಕಳಿಸಿದೆ. ಮಳೆ ಬಂದಾಗ ಹಲಗೆ ಜಾರುತ್ತಿತ್ತು. ಮತ್ತೆ ಅಪ್ಪನೇ ಬರಬೇಕಾಯಿತು.

ಇನ್ನು ಮೈಸೂರಿನವರಿಗೆ ನಾನು ಹೇಳಬೇಕಾದ್ದಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡವೂ ಅದೇ ದಾರಿ ಹಿಡಿಯಿತು. ಒಳಗೆ ವಿದ್ಯಾರ್ಥಿನಿಯರಿರಲಿಲ್ಲ, ಪುಣ್ಯ. ಪರಂಪರೆ, ಪರಂಪರೆ ಎಂದು ಮುಟ್ಟದೇ ಬಿಟ್ಟರೆ ಹೀಗೇ ಆಗುವುದು.

ಸಿಮೆಂಟ್ ಹಾಕಿದರೆ ಹಳೇ ಗೋಡೆ ಕೆಡುತ್ತದಂತೆ. ಇರಲಿ ಬಿಡಿ. ಕೆಲವರಿಗೆ ಗೋಡೆ ಉಸಿರಾಡಬೇಕು, ಮಕ್ಕಳು ಮಾತ್ರ ಮೂಗು ಮುಚ್ಚಿಕೊಂಡು ಮೈದಾನ ದಾಟಬೇಕು. ಮೊದಲು ಶೌಚಾಲಯ, ಆಮೇಲೆ ಕಮಾನು.

ವಿರೋಧ: ಸುಣ್ಣದ ಗೋಡೆಗೆ ಸುಣ್ಣವೇ ಬೇಕು

ನನಗೆ ಸಿಕ್ಕಿದ್ದು ವಿರೋಧದ ಪಾಳಿ. ಮೇಡಂ ಬರೆದದ್ದನ್ನೂ ಮೊದಲೇ ಓದಲು ಕೊಟ್ಟರು. ಓದಿದ ಮೇಲೆ ವಿರೋಧ ಬರೆಯುವುದು ಕಷ್ಟ, ಅಲ್ವಾ? ಆದರೂ ಒಪ್ಪಿಕೊಂಡಿದ್ದೇನೆ, ಬರೆಯುತ್ತೇನೆ.

ಹಳೆಯ ಮೈಸೂರಿನ ಬಹಳಷ್ಟು ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆಯವು. ಚಾವಣಿ ಮದ್ರಾಸ್ ಟೆರೇಸ್: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಮೇಲೆ ಸುಣ್ಣದ ಗಚ್ಚು. ಇಂಥ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಹೀರಿದ ನೀರು ಹೊರಗೆ ಬರಲಾರದು. ಕಳೆದ ವರ್ಷ ಹಳೇ ಶಾಲೆಯೊಂದನ್ನು ನೋಡಲು ಕರೆದಿದ್ದರು. ಹೊಸ ಪ್ಲಾಸ್ಟರ್ ಆಗಿ ನಾಲ್ಕೇ ವರ್ಷ. ಬೆರಳಲ್ಲಿ ತಟ್ಟಿದೆ, ಡಬಡಬ ಅಂದಿತು. ಅಂಚಿಗೆ ಕೈ ಹಾಕಿದರೆ ಹಪ್ಪಳದ ಹಾಗೆ ಎದ್ದು ಬಂತು. ಹಿಂದಿನ ಇಟ್ಟಿಗೆ ಒದ್ದೆ. ಉಗುರಲ್ಲಿ ಕೆರೆದರೆ ಕೆಂಪು ಪುಡಿ. ಆ ಕೆಲಸದ ಎಸ್ಟಿಮೇಟಿನಲ್ಲಿ ಸುಣ್ಣ ಎಂಬ ಪದ ಒಂದೇ ಕಡೆ ಇತ್ತು, ಬಣ್ಣ ಬಳಿಯುವ ಬಾಬ್ತಿನಲ್ಲಿ.

ಹಳೇ ಕೋಣೆಗಳ ಎತ್ತರದ ಚಾವಣಿ, ಮೇಲಿನ ವೆಂಟಿಲೇಟರ್ ಇರುವುದು ಬಿಸಿಗಾಳಿ ಹೋಗಲಿ ಎಂದು. ಮಾಡರ್ನ್ ಮಾಡುತ್ತೇವೆಂದು ಬಂದವರು ಕೆಳಗೊಂದು ಫಾಲ್ಸ್ ಸೀಲಿಂಗ್ ಕಟ್ಟಿ ಅದನ್ನು ಮುಚ್ಚುತ್ತಾರೆ. ಆಮೇಲೆ ಎಸಿ ಬೇಕು ಅನ್ನುತ್ತಾರೆ. ಮೇಡಂ ಅವರಂಥವರಿಗೆ ಟೈಲ್ಸ್ ಹಾಕಿ ಪಳಪಳ ಮಾಡಿದರೆ ಅದೇ ಶಿಕ್ಷಣ.

ಮಹಾರಾಣಿ ಕಾಲೇಜಿನ ಹೆಸರು ಹೇಳಿದರು. ಅದೇ ಕಟ್ಟಡ ಕೆಡವುವಾಗ 2025ರ ಜನವರಿಯಲ್ಲಿ ಒಬ್ಬ ಕೂಲಿ ಕಾರ್ಮಿಕ ಅಡಿಯಲ್ಲಿ ಸಿಕ್ಕಿ ಸತ್ತ. ಅದನ್ನೂ ಸೇರಿಸಬೇಕಿತ್ತು. ತೊಲೆಯ ತುದಿ ಗೋಡೆಯೊಳಗೆ ಕೊಳೆತಿದೆಯೇ, ತಾರಸಿಯ ನೀರು ಹರಿದು ಹೋಗುತ್ತಿದೆಯೇ ಅಂತ ವರ್ಷಕ್ಕೊಮ್ಮೆ ನೋಡುವುದಕ್ಕೆ ಖರ್ಚು ಜಾಸ್ತಿ ಇಲ್ಲ. ಐದು ಬಕೆಟ್ ಕೊಂಡವರು ಒಮ್ಮೆ ಏಣಿ ಹತ್ತಬಹುದಿತ್ತು.

ಶೌಚಾಲಯವನ್ನು ಕಟ್ಟಡದ ಹಿಂಬದಿಗೆ ಅಂಟಿದಂತೆ ಬೇರೆಯೇ ಕಟ್ಟಬಹುದು, ಗೋಡೆ ಕೊರೆಯಬೇಕಿಲ್ಲ. ರ‍್ಯಾಂಪ್ ವಿಷಯದಲ್ಲಿ ನಾನು ಮೇಡಂ ಕಡೆಯೇ. ಅದನ್ನು ಇಲ್ಲಿ ಬರೆಯಬಾರದಿತ್ತೇನೋ.